ಹೊಲಿದ ಜೇಬು

ಗಡಿಯಾರ ಗೋಪುರದ ಹಿಂದಿನ ಮ್ಯೂಸಿಯಮ್ಮಿನಲ್ಲಿ
ಮೂರು ತಿಂಗಳಿಂದ ನನ್ನ ಕೆಲಸ ಇಷ್ಟೇ:
ಸತ್ತವರ ಬಟ್ಟೆಗೆ ಮೈ ಕೊಡುವುದು.
ಹತ್ತಿ ತುರುಕಿ ಭುಜ, ಮಲ್ಲು ಸುತ್ತಿ ಸೊಂಟ,
ಗೂನು ಇದ್ದವರಿಗೆ ಗೂನು.
ಗೂನು ಹೇಗೆ ತಿಳಿಯಿತು ಅಂತೀರಾ?
ಬೆನ್ನಿನ ಹೊಲಿಗೆ ಎಲ್ಲಿ ಜಗ್ಗಿದೆ ನೋಡಿ.

ತಲೆ ಮಾತ್ರ ಇಡುವುದಿಲ್ಲ.
‘ಮುಖ ಇದ್ದರೆ ಜನ ಮುಖವನ್ನೇ ನೋಡ್ತಾರೆ ಮುನಿರತ್ನಮ್ಮ’
ಅಂತಾರೆ ಹೇಮಲತಾ ಮೇಡಂ.

ಮೊದಲನೇ ಗಾಜಿನೊಳಗೆ ಅಮಲ್ದಾರರ ಜರಿಪೇಟ.
ಜರಿ ಕಪ್ಪಾಗಿದೆ, ಒಳಸುತ್ತಿನ ಬೆವರುಂಗುರ ಹಾಗೇ ಇದೆ.
ಪಕ್ಕದಲ್ಲಿ ಬುಗ್ಗೆ ತೋಳಿನ ಮಖಮಲ್ಲು ರವಿಕೆ,
ಕಂಕುಳಲ್ಲಿ ಬೇರೆ ಬಣ್ಣದ ತೇಪೆ.
ಅದೆಷ್ಟು ಮದುವೆಗಳಲ್ಲಿ ಕೈ ಎತ್ತದೆ ಕೂತಿದ್ದಳೋ
ಆ ಮಹಾತಾಯಿ.
ಒಂದು ಕುಲಾವಿ. ಅದಕ್ಕೆ ತುಂಬಲು ನನ್ನ ಮುಷ್ಟಿ ಸಾಕಾಯಿತು.
ಆವತ್ತು ಬೇಗ ಮನೆಗೆ ಹೋದೆ.

ಹದಿನಾಲ್ಕನೇ ನಂಬರು ಖಾಕಿ ಕೋಟು.
ಊರು ಮಾರಿಕುಪ್ಪಂ. ಕೊಟ್ಟವರು ಅರುಳ್‌ದಾಸ್ ಮನೆಯವರು.
ಮೂರು ಜೇಬು, ಮೂರಕ್ಕೂ ಬಾಯಿ ಹೊಲಿದಿದೆ.
ಚೀಟಿಯಲ್ಲಿ ದಪ್ಪ ಅಕ್ಷರ:
‘ಗಣಿಯಿಂದ ಚಿನ್ನ ಕದಿಯದಂತೆ ಕಂಪನಿ ಹೊಲಿಸಿದ ಜೇಬುಗಳು.’

ಮೇಡಂ, ಇದು ಕಂಪನಿ ಹೊಲಿಗೆ ಅಲ್ಲ, ಅಂದೆ.
ಕಂಪನಿಯಾದರೆ ಮಿಷಿನ್ನಿಗೆ ಕೊಡುತ್ತೆ,
ಇಲ್ಲಾ ಜೇಬನ್ನೇ ಇಡಲ್ಲ, ಬಟ್ಟೆ ಉಳೀತು ಅನ್ನುತ್ತೆ.
ಇದು ಕೈಹೊಲಿಗೆ. ದಾರ ಕೆಂಪು,
ಯಾವುದೋ ಸೆರಗಿನಿಂದ ಎಳೆದದ್ದು.
ಗಂಟು ನೋಡಿ, ಹೊರಮೈಗೆ ಬಿಟ್ಟಿದ್ದಾರೆ,
ಮೈಗೆ ಒತ್ತದಂತೆ. ಮಗುವಿನ ಅಂಗಿಗೆ ಹಾಗೆ ಹಾಕ್ತೀವಿ.

‘ಮನೆಯವರೇ ಯಾಕೆ ಹೊಲೀತಾರೆ?’

ವೇಮಗಲ್ ರಸ್ತೆಯ ಗಾರ್ಮೆಂಟ್ಸಿನಲ್ಲಿ
ಹನ್ನೊಂದು ವರ್ಷ ಕಾಲರು ಕೂರಿಸಿದವಳು ನಾನು.
ಸಂಜೆ ಗೇಟಲ್ಲಿ ಕೈ ಅಗಲಿಸಿ ನಿಲ್ಲಬೇಕು,
ಒಬ್ಬಳು ತಡವುತ್ತಾಳೆ, ಇನ್ನೊಬ್ಬಳು ಬ್ಯಾಗು ಕೊಡವುತ್ತಾಳೆ.
ಒಂದು ಸಂಜೆ ಗಂಗರತ್ನಳ ಊಟದ ಬ್ಯಾಗಿಂದ
ಎರಡು ಉಂಡೆ ದಾರ ಉರುಳಿದವು.
ಅವತ್ತೇ ಬೆಳಿಗ್ಗೆ ಸೂಪರ್‌ವೈಸರಿಗೆ ಎದುರಾಡಿದ್ದಳು.
ಮಾರನೇ ದಿನ ಅವಳ ಸ್ಟೂಲಿನಲ್ಲಿ ಬೇರೆ ಹುಡುಗಿ.
ಆಮೇಲೆ ನಾವ್ಯಾರೂ ಬ್ಯಾಗಿನ ಬಾಯಿ
ಪಿನ್ನು ಚುಚ್ಚದೆ ಬಿಟ್ಟಿಲ್ಲ.

ಇಷ್ಟನ್ನೂ ಮೇಡಂಗೆ ಹೇಳಲಿಲ್ಲ.
ಜೇಬಿನ ಬಾಯಿ ಕದಿಯೋರಿಗೆ ಮಾತ್ರ ಅಲ್ಲ ಮೇಡಂ,
ಹಾಕೋರಿಗೂ ಅದೇ ಬಾಯಿ, ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು.
‘ಎದೆಯ ಜೇಬು ಒಂದನ್ನು ಬಿಚ್ಚು. ದಾರ ಹರಿಯಬಾರದು.’

ಚೌಡರೆಡ್ಡಿ ಟಾರ್ಚು ಹಿಡಿದ.
ಹಿಡಿಯುವ ಮುಂಚೆ ಕೈ ತೊಳೆದು ಬಂದಿದ್ದ,
ಹರಳು ಏನಾದರೂ ಇದ್ದರೆ ಅಂತ.
ಸೂಜಿಯ ಮೊಂಡುತುದಿಯಿಂದ ಒಂದೊಂದೇ ಎಬ್ಬಿಸಿ
ಅರ್ಧ ಗಂಟೆಗೆ ಬಾಯಿ ಬಿಡಿಸಿದೆ.

ಏನೂ ಇರಲಿಲ್ಲ.
ಮೂಲೆಯಲ್ಲಿ ಇಷ್ಟು ನಯವಾದ ಹಿಂಜು ಅಷ್ಟೆ.

ಆದರೆ ಬಟ್ಟೆ!
ಹೊರಗೆಲ್ಲ ಒಗೆದೂ ಒಗೆದೂ ಬೂದಿಯಾದ ಖಾಕಿ
ಒಳಗೆ ಹೊಸ ಬೆಲ್ಲದ ಬಣ್ಣ,
ಈಗ ತಾನೆ ಥಾನಿನಿಂದ ಹರಿದು ಕೊಟ್ಟ ಹಾಗೆ.
ಬಿಸಿಲು ನೋಡಿಲ್ಲ, ಸುರಂಗದ ಧೂಳು ನೋಡಿಲ್ಲ,
ಗೇಟಿನವನ ಬೆರಳು ನೋಡಿಲ್ಲ.
ಅಂಗೈಯಗಲ.
ಚೌಡರೆಡ್ಡಿ ಟಾರ್ಚು ಆರಿಸುವುದನ್ನೇ ಮರೆತ.

ಹಳೇ ಚೀಟಿ ಹೋಯಿತು.
ಹೊಸದರಲ್ಲಿ ‘ಜೇಬುಗಳನ್ನು ಮನೆಯಲ್ಲಿ ಹೊಲಿಯಲಾಗಿದೆ. ಕಾರಣ ತಿಳಿದಿಲ್ಲ.’
‘ಸಾಕ್ಷಿ ಬೇಕಲ್ಲ ಮುನಿರತ್ನಮ್ಮ’ ಅಂದರು, ತಪ್ಪು ಮಾಡಿದವರ ದನಿಯಲ್ಲಿ.
ಬೇಕು. ಗಂಗರತ್ನಳ ಹತ್ತಿರವೂ ಇರಲಿಲ್ಲ.

ಸಂಜೆ ಕೂತು ಮತ್ತೆ ಹೊಲಿದೆ.
ಅದೇ ದಾರ, ಅವೇ ತೂತು.
ಸೂಜಿಗೆ ದಾರಿ ಗೊತ್ತಿತ್ತು.
ಹತ್ತೊಂಬತ್ತನೆಯದು ಮಾತ್ರ ಸಾಲು ಬಿಟ್ಟು
ಒಂದು ಎಳ್ಳಿನಷ್ಟು ಮೇಲಕ್ಕೆ ಹೋಗಿದೆ.
ಶಿಫ್ಟಿನ ಸೈರನ್ ಕೂಗಿರಬೇಕು,
ಕೈ ಬೆಚ್ಚಿರಬೇಕು ಆಕೆಗೆ.
ನಾನೂ ಅಲ್ಲೇ ಚುಚ್ಚಿದೆ.