ಬಿಳಿಗಾಯಿ

ಬ್ಯಾಡಗಿ ಯಾರ್ಡಿನ ಹಿಂದಿನ ಓಣ್ಯಾಗ
ತಗಡಿನ ಗೋದಾಮು. ಹದಿನೇಳು ಮಂದಿ ನಾವು,
ಮೆಣಸಿನಕಾಯಿ ತುಂಬು ಬಿಡಸಾವ್ರು.
ಬಿಡಸೂದಷ್ಟ ಅಲ್ಲ, ಆರಸೂದೂ ನಮ್ಮ ಕೆಲಸ:
ಕೆಂಪಂದು ಈ ಕಡೆ,
ಮೈಮ್ಯಾಲ ಚೂರು ಬಿಳೀ ಮಚ್ಚಿ ಬಿದ್ದದ್ದು ಆ ಕಡೆ.
ಕಣ್ಣು ಬೇಕಾಗಿಲ್ಲ ಅದಕ್ಕ, ಬೆರಳಿಗೇ ಗೊತ್ತಾಗತೈತಿ.
ಹನ್ನೊಂದು ವರ್ಷದಾಗ ಒಂದೇ ಒಂದು ಬಿಳಿಗಾಯಿ
ನನ್ನ ಕೈತಪ್ಪಿ ಕೆಂಪಿನಾಗ ಬಿದ್ದಿಲ್ಲ.
ಬೇಕಾರ ಸೇಠನ್ನ ಕೇಳ್ರಿ.

ಮಂಗಳಾರ ಸುವರ್ಣಾ ಸಿಸ್ಟರ್ ಬಂದು
ಬಾಗಲದಾಗ ನಿಂತು ಮೂರು ಸಲ ಸೀನಿ
ಆಮ್ಯಾಲ ಮಾತಾಡಿದಳು:
ಮೂವತ್ತು ದಾಟಿದವ್ರು ನಾಳೆ ದವಾಖಾನಿಗೆ ಬರ್ರಿ,
ಗರ್ಭಕಂಠ ತೋರಸಾಕ.

ಜೈತುನ್ ನಕ್ಕಳು.
ಪುತ್ಳಿಬಾಯಿ ಸೆರಗು ಬಾಯಾಗ ತುರುಕಿಕೊಂಡಳು.
ನಾ ಮಾತ್ರ ಆ ಶಬ್ದ ಹಿಡಕೊಂಡು ಕುಂತೆ.
ಕಂಠ.
ಅಲ್ಲೂ ಒಂದು ಕಂಠ ಐತಿ ಅಂತ
ಮೂರು ಹಡದ ನನಗ ಯಾರೂ ಹೇಳಿದ್ದಿಲ್ಲ.

ನಮ್ಮಕ್ಕ ಬಸಲಿಂಗಿಗೂ ಇತ್ತು ಅದು.
ಬಿಳಿ ಹೋಗತಿತ್ತು ಅಕಿಗೆ, ಸೊಂಟ ಹಿಡದಿತ್ತು,
ಮುಟ್ಟಲ್ಲದ ದಿನಾನೂ ಕೆಂಪು.
ಉಷ್ಣ ಅಂದಳು ಅತ್ತಿ. ಜೀರಿಗಿ ನೀರು ಕುಡಿ, ಖಾರ ಬಿಡು.
ಖಾರದಾಗ ಕುಂತು ದುಡಿಯಾಕಿಗೆ ಖಾರ ಬಿಡು ಅಂದರ!
ಕಡೀಕ ಹುಬ್ಬಳ್ಳಿ ನವನಗರಕ್ಕ ಒಯ್ದರು.
ನಮ್ಮ ಕಡೆ ನವನಗರ ಅಂದರ ಸಾಕು,
ಮುಂದ ಯಾರೂ ಕೇಳಂಗಿಲ್ಲ.
ಎರಡು ವರ್ಷ ಒದರಿತ್ತು ಅಕಿ ಒಳಗಿನ ಕಂಠ.
ನಾವು ಕೇಳಿದ್ದು ಮ್ಯಾಲಿಂದು.
ಅದು ಅನ್ನತಿತ್ತು: ಏನಿಲ್ಲ ಬಿಡು, ಏನಿಲ್ಲ.

ಅರ್ಧ ದಿನದ ಪಗಾರ ಹೋತು ಅಂತ ಗಂಡಗ ಹೇಳೀನಿ.
ಯಾಕ ಹೋತು ಅಂತ ಇನ್ನೂ ಹೇಳಿಲ್ಲ.

ಸೇಂಗಾ ಎಣ್ಣಿ ತಿಕ್ಕಿ, ಎರಡು ಸಲ ಸೋಪು ಹಚ್ಚಿ
ಕೈ ತೊಳಕೊಂಡು ಹೋಗಿದ್ದೆ,
ಮುಟ್ಟಾವ್ರು ಅವರು, ನಾನಲ್ಲ, ಅನ್ನೂದ ಮರತು.

ಹಸಿರು ಪರದೆ. ಮ್ಯಾಲ ಫ್ಯಾನು, ಒಂದು ರೆಕ್ಕಿ ಸೊಟ್ಟ.
ಹುಳಿನೀರು ಹಚ್ಚತೀನಿ, ಒಂದು ನಿಮಿಷ ಕಾಯೋಣು,
ಕೆಡುಕು ಇದ್ದಲ್ಲಿ ಬೆಳ್ಳಗಾಗತೈತಿ, ಅಂದಳು ಸಿಸ್ಟರ್.
ಹಂಗಾರ ಬಿಳಿಗಾಯಿ ಆರಸಾಕತ್ತೀರಿ, ಅಂದೆ.
ಅಕಿ ನಕ್ಕಳು, ಬ್ಯಾಟರಿ ಬೆಳಕು ಅಲುಗಿತು.

ಒಂದು ನಿಮಿಷ ಅಂದರ
ನನ್ನ ಕೈಯಾಗ ನಲವತ್ತು ಕಾಯಿ.
ಇಲ್ಲದ ತುಂಬು ಮುರೀತಾ ಎಣಿಸಿದೆ.
ಮೂವತ್ತೆರಡಕ್ಕ, ನನ್ನ ವಯಸ್ಸೂ ಅಷ್ಟ,
ಸಿಸ್ಟರ್ ಸುಮ್ಮನಾದಳು.

ಇತ್ತು.
ಸಾಸಿವಿಕಾಳಿನಷ್ಟು.
ಇದು ಇನ್ನೂ ರೋಗ ಅಲ್ಲವ್ವ, ಅಂದಳು ಡಾಕ್ಟರು,
ಹಂಗ ಬಿಟ್ಟರ ಮುಂದೊಂದು ದಿನ ಆದೀತು.
ತಂಪು ಹಚ್ಚಿ ಸುಡತೀನಿ, ಹೊಟ್ಟಿ ಒಂದೀಟು ಹಿಂಡತೈತಿ.

ತಂಪಿಲೇ ಸುಡೂದು!
ಯಾರ್ಡಿನ ಸುತ್ತ ಎಷ್ಟು ಕೋಲ್ಡ್ ಸ್ಟೋರೇಜು,
ಕಾಯಿ ಬಣ್ಣ ಕೆಡಬಾರದಂತ ಕಟ್ಟಿಸ್ಯಾರ.
ಬಾಗಲಾ ತಗದಾಗ ಹೊರಗ ಬರೂ ತಂಪಿಗೆ
ಮುಖ ಒಡ್ಡಿ ನಿಲ್ಲತಿದ್ವಿ ನಾವು, ಬ್ಯಾಸಿಗ್ಯಾಗ, ವಾಚಮನ್ ಬೈಯೂತನಕ.
ಇವತ್ತ ಬಟ್ಟಿನಷ್ಟು ತಂಪು
ನನ್ನ ಹೆಸರಿಗೆ ಬಂತು. ಹಿಂಡಿತು. ತಡಕೊಂಡೆ.
ವರ್ಷಕ್ಕ ಮತ್ತ ಬಾ, ಅಂತ ಚೀಟಿ ಕೊಟ್ಟರು.

ಮರುದಿನ ಗೋದಾಮಿನಾಗ ಯಾರೂ ಏನೂ ಕೇಳಲಿಲ್ಲ.
ಹದಿನಾರು ಜೋಡಿ ಕೈ ಕಾಯಿ ಮ್ಯಾಲ, ಕಿವಿ ನನ್ನ ಮ್ಯಾಲ.
ಬಿಳೀ ರಾಶಿಯಿಂದ ಒಂದು ಎತ್ತಿ ತೋರಿಸಿದೆ:
ಇದರ ಮಚ್ಚಿಯಷ್ಟ ಇತ್ತು. ತಗದರು.

ಜೈತುನ್ ಸೀನಿದಳು.
ಪುತ್ಳಿಬಾಯಿ ತಲಿ ಎತ್ತಲಿಲ್ಲ.
ನನ್ನ ಮಗಳಿಗೆ ಹದಿನಾಲ್ಕು.
ಹುಡಿಗ್ಯಾರಿಗೆ ಸೂಜಿ ಐತಿ ಅಂದಿದ್ದಳಲ್ಲ ಸಿಸ್ಟರು, ಯಾವತ್ತ?
ಸೋಮಾರ, ಅಂದೆ.
ಸೋಮಾರ ಮಾಲು ಬರೂ ದಿನ.
ಅಕಿ ಎರಡು ಕಾಯಿ ಬಿಡಿಸಿದಳು.
ಮೂರನೇದು ಹಂಗ ಕೈಯಾಗ ಹಿಡಕೊಂಡು ಕುಂತಳು.