ಷರಾ

ಏಪ್ರಿಲ್ ಹದಿನೈದರೊಳಗೆ ಪಟ್ಟಿ ಹೋಗಬೇಕು.
ಕಣ್ಣೂರು ಕಡೆಯ ಕಾಲೇಜಿನ ಕೋಚು ಕಳಿಸುವ ಫಾರ್ಮು:
ಹೆಸರು, ಎತ್ತರ, ಬಲಗಾಲೋ ಎಡಗಾಲೋ,
ಕೊನೆಯಲ್ಲಿ ಒಂದಿಂಚಿನ ಕಾಲಮ್ಮು, ಷರಾ.
ಅಲ್ಲಿ ಒಂದರಿಂದ ಐದು ನಕ್ಷತ್ರ ಬರೆಯಬೇಕು.
ವಿವರ ಬೇಡ ಮಾಸ್ಟ್ರೇ, ಓದಲು ಪುರುಸೊತ್ತಿಲ್ಲ ಅಂದಿದ್ದರು.

ನಾನು ಮೊಗ್ರಾಲ ಹೊಳೆಯ ಈಚೆ ದಡದ
ಕನ್ನಡ ಮೀಡಿಯಮ್ಮಿನ ಡ್ರಿಲ್ಲು ಮಾಸ್ಟ್ರು.
ಹೆಸರು ಮಲಯಾಳದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ;
ಎರಡರಲ್ಲೂ ಐತಪ್ಪ ಪೂರ್ತಿ ಐತಪ್ಪನಾಗಿ ಉಳಿಯುವುದಿಲ್ಲ.
ನಕ್ಷತ್ರಕ್ಕೆ ಮಾತ್ರ ಲಿಪಿಯ ಗೊಡವೆಯಿಲ್ಲ.
ಐದು ಗೀಟು,
ಪೆನ್ನು ಎತ್ತದೆ.

ಆ ವರ್ಷ ಮುನವ್ವರನಿಗೆ ಐದು ಕೊಟ್ಟೆ.
ಯಾಕೆ ಕೊಡಬಾರದು?
ಕೊಯ್ದ ಗದ್ದೆಯ ಕೂಳೆ ಚುಚ್ಚುವಲ್ಲಿ, ಬರಿಗಾಲು,
ಚೆಂಡು ಅವನ ಹತ್ತಿರ ಬಂದರೆ
ಅಡಿಗೆಮನೆಗೆ ಬೆಕ್ಕು ಬಂದ ಹಾಗೆ:
ಸದ್ದಿಲ್ಲ, ಆದರೂ ಎಲ್ಲರೂ ಎದ್ದು ನಿಲ್ಲುತ್ತಿದ್ದರು.
ಸೆವೆನ್ಸಿನ ರಾತ್ರಿ ಟಿಕೇಟು ಹರಿಯುವವನೂ
ಗೇಟು ಬಿಟ್ಟು ಒಳಗೆ ಬರುತ್ತಿದ್ದ.

ರೋಯ್ಸ್ಟನ್ ಕ್ರಾಸ್ತನಿಗೆ ಮೂರು.
ಗೋಲಿ ಐತಪ್ಪನಿಗೆ ಎರಡು.
ಎರಡನೆಯದು ಅವನಪ್ಪ ತಂದುಕೊಟ್ಟ
ಒಂದು ಬುಟ್ಟಿ ಮರುವಾಯಿಗೆ,
ಈಗ ಹೇಳಿದರೆ ಯಾರಿಗೆ ನಷ್ಟ?

ಪಟ್ಟಿ ರೈಲು ಹತ್ತುವ ಮೊದಲೇ ಸುದ್ದಿ ಪೇಟೆ ಸೇರಿತು.
ಬೇಕರಿಯವರು ದಿನಕ್ಕೆರಡು ಮೊಟ್ಟೆ ಪುಕ್ಕಟೆ ಕೊಟ್ಟರು.
ದುಬಾಯಿಯ ಚಿಕ್ಕಪ್ಪ ಬೂಟು ಕಳಿಸಿದ,
ಒಂದು ಸೈಜು ದೊಡ್ಡದು, ಬೆಳೆಯುತ್ತಾನಲ್ಲ.
ಕ್ಲಬ್ಬಿನವರು ಹೆದ್ದಾರಿಯಲ್ಲಿ ಫ್ಲೆಕ್ಸು ಕಟ್ಟಿದರು:
ಅವನ ಮುಖ, ಮೇಲೆ ಸಾಲಾಗಿ ಐದು ಬಂಗಾರದ ನಕ್ಷತ್ರ.
ಲಾರಿಯವನೊಬ್ಬ ನಿಲ್ಲಿಸಿ ಕೇಳಿದನಂತೆ,
ಈ ಹೋಟೆಲು ಇನ್ನೆಷ್ಟು ದೂರ?

ಅವನ ಉಮ್ಮ ಶಾಲೆಗೆ ಬಂದಳು,
ಬೆರಳ ತುದಿಯಲ್ಲಿ ಬೀಡಿ ಹೊಗೆಸೊಪ್ಪಿನ ವಾಸನೆ.
ಐದು ಅಂದರೆ ಎಷ್ಟರಲ್ಲಿ ಐದು, ಮಾಸ್ಟ್ರೇ?
ಐದರಲ್ಲಿ ಐದು, ಅಂದೆ, ಹೆಮ್ಮೆಯಿಂದಲೇ.
ತುಸು ಹೊತ್ತು ನಿಂತಳು.
ಹಾಗಾದರೆ ಇನ್ನು ಮೇಲೆ ಜಾಗ ಇಲ್ಲ,
ಅಂದಳು,
ಕೊಡೆ ಬಿಡಿಸಿ ನಡೆದಳು.

ಮೊಣಗಂಟು ಮುರಿಯಲಿಲ್ಲ,
ಮುರಿದಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು.
ಕುಡಿಯಲಿಲ್ಲ, ಕೆಡಲಿಲ್ಲ, ಕೋಚಿನೊಂದಿಗೆ ಜಗಳವಿಲ್ಲ.
ಸುಮ್ಮನೆ ಒಳ್ಳೆಯ ಆಟಗಾರನಾದ, ಅಷ್ಟೆ.
ನಾಲ್ಕರ ಆಟ. ಕೆಲವು ಸಂಜೆ ಮೂರರದ್ದು.
ಗೋಲು ಹೊಡೆದರೆ, ಹೊಡೆಯಬೇಕಾದವನೇ ತಾನೆ ಅಂದರು.
ಪಾಸು ಕೊಟ್ಟರೆ, ಇದಕ್ಕೋ ಐದು ಅಂದರು.
ಮೂರು ವರ್ಷ, ಒಂದು ಡಿಗ್ರಿ,
ಈಗ ಉಪ್ಪಳದ ಟೈಲ್ಸಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ.
ಇಬ್ಬರು ಮಕ್ಕಳು. ನಗುತ್ತಾನೆ, ಚಾ ತರಿಸುತ್ತಾನೆ.
ಛೆ, ಏನಾಗಬೇಕಿತ್ತು ಅವನು, ಎನ್ನುತ್ತದೆ ಊರು,
ತೀರಿಹೋದವನ ಬಗ್ಗೆ ಮಾತಾಡುವ ದನಿಯಲ್ಲಿ,
ಅವನದೇ ಅಂಗಡಿಯ ಟೈಲ್ಸು ಹಾಸಿದ ಜಗಲಿಯಲ್ಲಿ ಕೂತು.

ಫ್ಲೆಕ್ಸು ಬಹಳ ದಿನ ಬಾಳಿತು.
ಯಾರದೋ ಕೋಳಿಗೂಡಿನ ಮಾಡಿಗೆ ಹೊದೆಸಿದ್ದರು,
ನಕ್ಷತ್ರಗಳು ಒಳಮುಖವಾಗಿ.

ಐತಪ್ಪನ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.
ಮೊನ್ನೆ ಐಸ್ ಪ್ಲಾಂಟಿನ ಹತ್ತಿರ ಸಿಕ್ಕ.
ಭಾನುವಾರ ಈಗಲೂ ಗೋಲು ಕಾಯುತ್ತೇನೆ ಸಾರ್,
ಮೊಣಕೈ ತೋರಿಸಿದ, ಹಸಿ ಗಾಯ, ಖುಷಿಯ ಗಾಯ.
ಅಂದು ನನಗೆಷ್ಟು ಹಾಕಿದ್ದಿರಿ?
ಮೂರು, ಅಂದೆ.
ನಕ್ಕುಬಿಟ್ಟ. ಅಷ್ಟೆಲ್ಲ ಇರಲಿಲ್ಲ ಸಾರ್.

ಈ ವರ್ಷದ ಫಾರ್ಮಿನಲ್ಲಿ ಚಿದಾನಂದನ ಹೆಸರಿನೆದುರು
ಪೆನ್ನು ನಿಂತಿತು. ನಕ್ಷತ್ರ ಬಿಟ್ಟು ಬರೆದೆ:
ಚೆಂಡು ಬಿಟ್ಟುಕೊಡಲು ಬಲ್ಲ. ಸೋತ ದಿನ ಬಲೆ ಮಡಚುವವನು ಇವನೇ.
ತಮ್ಮನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರುತ್ತಾನೆ, ತಮ್ಮನಿಗೆ ನಡೆಯಲು
ಅಲ್ಲಿಗೆ ಕಾಲಮ್ಮು ಮುಗಿಯಿತು.

ಕೋಚಿನ ಫೋನು, ಹೊಸಬ, ಸಂಭಾವಿತ:
ಮಾಸ್ಟ್ರೇ, ಇದನ್ನು ಎಷ್ಟು ಅಂತ ಬರೆದುಕೊಳ್ಳಲಿ?

ಹುಡುಗ ಐದರವನು.
ನಾಲ್ಕು, ಅಂದೆ.