ಮತಪತ್ರದ ಕೆಳಗಡೆ

ಗ್ಲೆಂಡೈವ್ ಊರಿನ ನಾಯಿಗಳಿಗೆಲ್ಲ
ಆರ್ಡಿಸ್ ಟ್ವೀಟನ್ ಗೊತ್ತು.
ಇಪ್ಪತ್ತಾರು ವರ್ಷ ಮೀಟರ್ ಓದಿದವಳು.

ಈಗ ಕರಪತ್ರ ಹಿಡಿದು ಬಾಗಿಲು ಬಡಿಯುತ್ತಾಳೆ.
"ಯಾವ ಹುದ್ದೆ ಅದು?"
"ಕರೆಂಟಿಗೆ ದರ ಕಟ್ಟುವವರ ಸಾಲಲ್ಲಿ
ಒಂದು ಕುರ್ಚಿ."
"ಓ" ಅನ್ನುತ್ತಾರೆ.
ಮಾತು ಮುಗಿಯುವಷ್ಟರಲ್ಲಿ
ಎಷ್ಟು ಬಿಸಿ ಹೊರಗೆ ಸೋರಿತೆಂದು
ಅವಳ ತಲೆ ಲೆಕ್ಕ ಹಾಕಿರುತ್ತದೆ.

ಸಂಜೆ, ಹಳಿಯಾಚೆಯ ಮನೆ.
ಮೂಗಿಗೆ ಆಕ್ಸಿಜನ್ ಕೊಳವೆ,
ಅದರ ಉದ್ದ ಮುಗಿಯುವವರೆಗೆ ನಡೆದು ಬಂದ
ಎಲ್ಡನ್ ಕ್ರೂಗರ್:
"ಆ ಜನವರಿ ನಮ್ಮ ಲೈನು ಕತ್ತರಿಸಿದ್ದು
ನೀನೇ ಅಲ್ಲವಾ?"

ಕಂಪನಿ ಹೇಳಿತ್ತು, ಎನ್ನಬಹುದಿತ್ತು.
"ನಾನೇ" ಅಂದಳು.

ಹಿಮ ಅವಳ ಬೂಟಿನ ಮೇಲೆ ಕೂತಿತು.
ಅವನು ಕರಪತ್ರವನ್ನು ದೂರ ಹಿಡಿದು ಓದಿದ,
ಹಿಂದೆ ತಿರುಗಿಸಿಯೂ ಓದಿದ.

"ಒಳಗೆ ಬಾ ಮತ್ತೆ.
ಬಾಗಿಲು ಹಾಕು,
ಬಿಲ್ಲು ಬರೋದು ನನಗೆ."